ಹೊತ್ತೊಯ್ಯಲಿಕ್ಕೆಂದೇ ಮಾಡಿಸಿದ ಕಟ್ಟಿಗೆ ಒಲೆ, ಮನೆ ಬದಲಿಸುವಾಗ ಮಾರಿದೆವು

ಎಂಟು ವರ್ಷ ದಿನಾ ಉರಿಸಿದ ಒಂದು ಕಬ್ಬಿಣದ ಒಲೆ ಬಗ್ಗೆ ಬರೆಯುತ್ತಿದ್ದೇನೆ. ಕಂಪನಿಯದ್ದಲ್ಲ, 2017ರಲ್ಲಿ ಬಾಗಲಕೋಟೆಯಲ್ಲೇ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ್ದು. ಈ ಸಲ ಯುಗಾದಿ ಮುಗಿದ ಮೇಲೆ ನಾವು ಹಳೆ ಬಾಗಲಕೋಟೆಯ ಬಾಡಿಗೆ ಮನೆ ಬಿಟ್ಟು ನವನಗರಕ್ಕೆ ಬಂದೆವು, ಎರಡನೇ ಮಹಡಿಗೆ. ಒಲೆ ಮಾರೋದೋ ಒಯ್ಯೋದೋ ಅಂತ ಮನೆಯಲ್ಲಿ ಎರಡು ತಿಂಗಳು ಇದೇ ಮಾತು. ಇಂಥ ಒಲೆ ಇಟ್ಟುಕೊಂಡು ಮನೆ ಬದಲಿಸುವವರಿಗೆ, ಹಾಗೇ ಹಳೆ ಒಲೆ ಕೊಳ್ಳಬೇಕು ಅನ್ನುವವರಿಗೂ ಉಪಯೋಗ ಆಗಲಿ ಅಂತ ನಾವು ಕಂಡದ್ದನ್ನೆಲ್ಲ ಹೇಳುತ್ತೇನೆ.

ಮೊದಲು ಇದನ್ನು ಯಾಕೆ ಮಾಡಿಸಿದೆವು ಅನ್ನೋದು. ನಮ್ಮ ಅತ್ತೆ ಮುಳುಗಡೆ ಊರಿನವರು. ಆಲಮಟ್ಟಿ ಹಿನ್ನೀರು ಬರುವ ಮೊದಲು ಊರು ಖಾಲಿ ಮಾಡಿದಾಗ ಬಾಗಿಲು, ಚೌಕಟ್ಟು, ತೊಲೆ, ಜಂತಿ ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಬಂದರಂತೆ. ಒಲೆ ಮಾತ್ರ ಬಿಟ್ಟು ಬಂದರು. ಅದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಉಪಯೋಗ ಆಗುವ ತಂತ್ರಜ್ಞಾನಕ್ಕೆ ಅಂತ ಅಸ್ತ್ರ ಅನ್ನುವ ಕೇಂದ್ರ ಶುರುವಾಯಿತು. ಅವರು ರೂಪಿಸಿದ ಮಣ್ಣಿನ ಒಲೆ ಇದು. ಒಂದೇ ಬೆಂಕಿ, ಮೇಲೆ ಮೂರು ಪಾತ್ರೆ, ಕೆಳಗೆ ಬೂದಿ ಉದುರಲು ಜಾಲರಿ, ಹಿಂದೆ ಹೊಗೆ ಹೋಗಲು ಪೈಪು. ಎಂಬತ್ತರ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳಿಗೆ ಯೋಜನೆ ಮಾಡಿದ್ದರಿಂದ ನಮ್ಮ ಕಡೆ ಎಷ್ಟೋ ಹಳ್ಳಿಗಳಿಗೆ ಇಂಥ ಒಲೆ ಬಂದವು. ಅತ್ತೆಗೆ ಆ ಒಲೆ ಅಂದರೆ ಜೀವ. ಆದರೆ ಮಣ್ಣಿನ ಒಲೆ ಎಬ್ಬಿಸಿದರೆ ಕೈಗೆ ಬರೋದು ಬರೀ ಮಣ್ಣು, ಅಲ್ವಾ.

ಹಾಗಾಗಿ 2017ರಲ್ಲಿ ಒಲೆ ಮಾಡಿಸುವ ಮಾತು ಬಂದಾಗ ಅತ್ತೆ ಒಂದೇ ಷರತ್ತು ಹಾಕಿದರು. "ಒಂದ ಒಲಿ ನೀರಾಗ ಬಿಟ್ಟ ಬಂದೀನಿ. ಈ ಸಲ ಹೊತ್ಕೊಂಡ ಹೋಗೂವಂಥಾದ್ದ ಮಾಡಸವಾ." ಅದಕ್ಕೇ ಕಬ್ಬಿಣದ್ದು ಮಾಡಿಸಿದೆವು. ಕೊನೆಗೆ ಹೊತ್ತೊಯ್ಯುವ ದಿನ ಬಂದಾಗ ಒಯ್ಯಲಿಲ್ಲ. ಆ ನಿರ್ಧಾರಕ್ಕೆ ಎರಡು ತಿಂಗಳು ಹಿಡಿದದ್ದು ಇದಕ್ಕೇ.

ಒಲೆ ಹೇಗಿತ್ತು ಅಂದರೆ, ಮೂರು ಮಿಲಿಮೀಟರ್ ದಪ್ಪದ ತಗಡು. ಎರಡೂವರೆ ಅಡಿ ಉದ್ದ, ಒಂದು ಅಡಿ ಎತ್ತರ, ಅಂದರೆ ಮಣೆ ಮೇಲೆ ಕೂತು ರೊಟ್ಟಿ ಬಡಿಯುವವರ ಅಳತೆ. ಮೇಲೆ ಎರಡು ಬಾಯಿ. ಮುಂದಿನ ದೊಡ್ಡ ಬಾಯಿ ಹಂಚಿಗೆ, ಹಿಂದಿನ ಸಣ್ಣದು ಎಸರಿಗೆ ಅಥವಾ ಬೇಳೆಗೆ. ಬೆಂಕಿ ಉರಿಯುವ ಜಾಗಕ್ಕೆ ಒಳಗಡೆ ಫೈರ್ ಬ್ರಿಕ್ ಜೋಡಿಸಿದ್ದೆವು, ಭಟ್ಟಿಗೆ ಹಾಕುವ ಇಟ್ಟಿಗೆ ಇರುತ್ತಲ್ಲ, ಅದು. ಕೆಳಗೆ ಸಲಾಕೆಗಳ ಜಾಲರಿ, ಅದರ ಕೆಳಗೆ ಬೂದಿ ತಟ್ಟೆ. ಹಿಂದೆ ನಾಲ್ಕು ಇಂಚಿನ ಹೊಗೆ ಪೈಪು, ಏಳು ಅಡಿ. ಪೈಪಿನೊಳಗೆ ಒಂದು ತಗಡಿನ ಬಿಲ್ಲೆ, ಹೊರಗಿಂದ ಹಿಡಿಕೆ ತಿರುಗಿಸಿದರೆ ಹೊಗೆದಾರಿ ಹಿಗ್ಗುತ್ತದೆ, ಕುಗ್ಗುತ್ತದೆ. ಇಟ್ಟಿಗೆ ಬಿಟ್ಟು ತೂಕ 41 ಕೆಜಿ. ಎಲ್ಲ ಸೇರಿ ಆಗ 5,200 ರೂಪಾಯಿ ಕೊಟ್ಟಿದ್ದೆವು.

ಒಲೆಯ ಮುಂದೆ ಎಂಟು ಇಂಚಿನ ಒಂದು ಕಟ್ಟೆ ಇತ್ತು, ತಗಡಿನದ್ದೇ, ಎರಡೂ ಕಡೆ ಅಂಚು ಮಡಿಸಿದ್ದು. ವೆಲ್ಡಿಂಗ್‌ನವರು ಇದು ಬೇಡ ಅಂದಿದ್ದರು, ಸುಮ್ನೆ ತಗಡು ದಂಡ ಅಂತ. ಅತ್ತೆ ಬಿಡಲಿಲ್ಲ. ನನ್ನ ಮಟ್ಟಿಗೆ ಇಡೀ ಒಲೆಯಲ್ಲಿ ಇದಕ್ಕೇ ಮೊದಲ ಅಂಕ.

ಯಾಕೆ ಅಂತ ರೊಟ್ಟಿ ಮಾಡುವವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಬಿಳಿಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಎಸರು ಕುದಿಸಿ ಹಿಟ್ಟಿಗೆ ಹಾಕಿ, ಕೈ ಸುಡುವ ಬಿಸಿಯಲ್ಲೇ ನಾದಿ, ಬಡಿದು, ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರುತ್ತೇವೆ. ಆ ನೀರು ಆರುವ ಹೊತ್ತಿಗೆ ಮಗುಚಬೇಕು. ಆಮೇಲೆ ಹಂಚಿನಿಂದ ತೆಗೆದು ಕೆಂಡದ ಎದುರು ರೊಟ್ಟಿಯನ್ನು ನಿಲ್ಲಿಸಬೇಕು, ಮಲಗಿಸಬಾರದು. ಒಲೆಯೊಳಗಿಂದ ನಿಗಿನಿಗಿ ಕೆಂಡ ಮುಂದಕ್ಕೆ ಎಳೆದು ಆ ಕಟ್ಟೆ ಮೇಲೆ ಹರಡಿ, ರೊಟ್ಟಿಯನ್ನು ಒಲೆಬಾಯಿಗೆ ಆನಿಸಿ ನಿಲ್ಲಿಸಿದರೆ, ಮೊದಲು ಒಂದು ಮೂಲೆಯಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ಅದು ಹಿಗ್ಗಿ ನಡುವಿಗೆ ಬರುತ್ತದೆ. ಅಷ್ಟರಲ್ಲಿ ಅತ್ತೆ ರೊಟ್ಟಿಯ ಅಂಚು ಹಿಡಿದು ಒಂದು ಸುತ್ತು ತಿರುಗಿಸುತ್ತಾರೆ, ಬಂಡಿಗಾಲಿ ತಿರುಗಿಸಿದ ಹಾಗೆ, ಇಡೀ ರೊಟ್ಟಿ ಉಬ್ಬಿ ಎರಡು ಪದರ ಆಗುತ್ತದೆ. ಗ್ಯಾಸಿನಲ್ಲಿ ಇದು ಆಗೋದಿಲ್ಲ. ಹಂಚಿನ ನಡು ಕಾಯುತ್ತದೆ, ಅಂಚು ಹಸಿ ಉಳಿಯುತ್ತದೆ. ನೇರ ಉರಿಗೆ ಹಿಡಿದರೆ ಅಲ್ಲಲ್ಲಿ ಕರಿ ಚುಕ್ಕೆ, ಉಳಿದ ಕಡೆ ಬಿಳಿ.

ಉರುವಲು ಎಷ್ಟು ಅಂತ ಬಹಳ ಜನ ಕೇಳುತ್ತಾರೆ. ಐದು ಜನರ ಮನೆ, ದಿನಕ್ಕೆ ಇಪ್ಪತ್ತು ರೊಟ್ಟಿ, ಒಂದು ಪಲ್ಯೆ, ಒಂದು ಬೇಳೆ, ಮೇಲೆ ಸ್ನಾನದ ನೀರು ಎರಡು ಕೊಡ. ಇಷ್ಟಕ್ಕೆ ಒಣ ಜಾಲಿ ಕಟ್ಟಿಗೆ ಮೂರು ಕೆಜಿ ಒಳಗೆ. ಜಾಲಿ ಇಲ್ಲದಾಗ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ. ಇವು ಭರ್ ಅಂತ ಉರಿದು ಮುಗಿಯುತ್ತವೆ, ಕೆಂಡ ನಿಲ್ಲೋದಿಲ್ಲ, ಎಸರಿಗೆ ಸರಿ, ರೊಟ್ಟಿಗೆ ಅಲ್ಲ. ಗ್ಯಾಸ್ ಸಿಲಿಂಡರ್ ವರ್ಷಕ್ಕೆ ಹನ್ನೆರಡು ಬೇಕಿದ್ದದ್ದು ಏಳಕ್ಕೆ ಇಳಿಯಿತು. ಕಟ್ಟಿಗೆ ಒಣಗಿರಬೇಕು ಅನ್ನೋದು ಮಾತ್ರ ತುಂಬಾ ಮುಖ್ಯ. ಹಸಿ ಕಟ್ಟಿಗೆಯಲ್ಲಿ ಅರ್ಧದಷ್ಟು ತೂಕ ನೀರೇ ಇರಬಹುದು, ಆ ನೀರು ಆರಿಸಲಿಕ್ಕೇ ಬೆಂಕಿ ಖರ್ಚಾಗುತ್ತದೆ, ಹೊಗೆ ಬೇರೆ. ಒಂದು ಮಳೆಗಾಲಕ್ಕೆ ಆಗುವಷ್ಟು ಬೇಸಿಗೆಯಲ್ಲೇ ತಂದು ಒಡೆಸಿ ಪಡಸಾಲೆ ಪಕ್ಕ ಒಟ್ಟಿಡುತ್ತಿದ್ದೆವು. ಹೋಳಿ ಹುಣ್ಣಿಮೆ ಹತ್ತಿರ ಬಂತು ಅಂದರೆ ಎಲ್ಲ ಒಳಗೆ, ಇಲ್ಲಾಂದ್ರೆ ಓಣಿ ಹುಡುಗರು ಕಾಮಣ್ಣನಿಗೆ ಎತ್ತಿಕೊಂಡು ಹೋಗುತ್ತಾರೆ. ಬಾಗಲಕೋಟೆಯಲ್ಲಿ ಹೋಳಿ ಅಂದರೆ ಗೊತ್ತಲ್ಲ.

ಇನ್ನು ತೊಂದರೆಗಳು. ಹದಿನೈದು ದಿನಕ್ಕೊಮ್ಮೆ ಪೈಪು ಬಿಚ್ಚಿ ಮಸಿ ಬಡಿಯಬೇಕು. ಬಿಟ್ಟರೆ ಪೈಪು ಎಳೆಯೋದು ಕಡಿಮೆ ಆಗಿ ಹೊಗೆ ಒಲೆಬಾಯಿಂದ ಹೊರಗೆ ಬರುತ್ತದೆ. ಜಾಲರಿಯ ಸಲಾಕೆ ಎರಡು ಸಲ ಸುಟ್ಟು ಬಾಗಿ ಬದಲಾಯಿಸಿದ್ದೇವೆ. ಪಾತ್ರೆ ತಳ ಕಪ್ಪಾಗುತ್ತದೆ, ಅದಕ್ಕೆ ಹೊರಗಡೆ ಮಣ್ಣು ಸವರಿ ಇಡುತ್ತಿದ್ದೆವು, ತೊಳೆಯೋದು ಸಲೀಸು. ಏಪ್ರಿಲ್, ಮೇ ತಿಂಗಳು ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಒಲೆ ಮುಂದೆ ಕೂರುವುದು ಶಿಕ್ಷೆ. ಅತ್ತೆ ಬೆಳಿಗ್ಗೆ ಐದಕ್ಕೇ ಎದ್ದು ಮುಗಿಸುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ದೂರು ಆಷಾಢದ್ದು. ಮೊದಲ ಮೂರು ವರ್ಷ ಏನೂ ಇರಲಿಲ್ಲ. 2020ರ ಮಳೆಗಾಲದಿಂದ ಶುರುವಾಯಿತು. ಪಶ್ಚಿಮದ ಗಾಳಿ ಜೋರಾಗಿ ಬೀಸಿದಾಗ ಪೈಪಿನಲ್ಲಿ ಹೋಗಬೇಕಾದ ಹೊಗೆ ಭುಸ್ ಅಂತ ವಾಪಸ್ ಬಂದು ಹಿತ್ತಲು ತುಂಬುತ್ತಿತ್ತು. ಅತ್ತೆಗೆ ಕೆಮ್ಮು, ನನಗೆ ಕಣ್ಣುರಿ. ವೆಲ್ಡಿಂಗ್ ಅಂಗಡಿಯವರು ಎರಡು ಸಲ ಬಂದರು, ಪೈಪಿನ ತಿರುವು ಬದಲಾಯಿಸಿದರು, ಮೇಲೆ ತಗಡಿನ ಟೋಪಿ ಹಾಕಿದರು. ಹೆಚ್ಚೇನೂ ಬದಲಾಗಲಿಲ್ಲ. ಪೈಪು ಸಣ್ಣದು ಮಾಡಿ ಕೆಡಿಸಿದರು ಅಂತಲೇ ನಾನು ಅಂದುಕೊಂಡಿದ್ದೆ, ನಾಲ್ಕು ಜನರ ಮುಂದೆ ಹೇಳಿಯೂ ಇದ್ದೆ. ಇದನ್ನು ನೆನಪಿಡಿ, ಕೊನೆಗೆ ಮತ್ತೆ ಬರುತ್ತದೆ.

ಹೊಗೆಯನ್ನು ಹಗುರವಾಗಿ ತಗೊಳ್ಳಬೇಡಿ. ಮನೆಯೊಳಗಿನ ಒಲೆ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದೆ. ರೊಟ್ಟಿ ರುಚಿ ಅಂತ ನಾನು ಇಷ್ಟು ಬರೆದರೂ, ಪೈಪು ಇಲ್ಲದ ಒಲೆಯನ್ನು ಯಾರ ಮನೆಯೊಳಗೂ ಇಡಿ ಅಂತ ಹೇಳಲಾರೆ.

ಈಗ ಮನೆ ಬದಲಿಸಿದ ವಿಷಯಕ್ಕೆ ಬರುತ್ತೇನೆ. ನನ್ನ ಗಂಡ ಮೊದಲ ದಿನವೇ ಮಾರಿಬಿಡೋಣ ಅಂದರು. ಅತ್ತೆ ಮಾತಾಡಲಿಲ್ಲ. ಮಾತಾಡದಿದ್ದರೆ ಒಪ್ಪಿಗೆ ಇಲ್ಲ ಅಂತ ಅರ್ಥ, ಹದಿನೆಂಟು ವರ್ಷದಿಂದ ಬಲ್ಲೆ. ನವನಗರದ ಮನೆ ನೋಡಿದಾಗ ನನಗೂ ಆಸೆ ಇತ್ತು, ಮೇಲೆ ಮಾಳಿಗೆ ಇದೆ, ಒಂದು ಮೂಲೆಯಲ್ಲಿ ಇಟ್ಟುಕೊಳ್ಳಬಹುದು ಅಂತ. ಮನೆ ಮಾಲೀಕರೂ ಒಳ್ಳೆಯವರು, ಒಮ್ಮೆ ಹಚ್ಚಿ ನೋಡಿ ಅಂದರು.

ಹಾಗೇ ಮಾಡಿದೆವು, ಇದನ್ನು ಎಲ್ಲರಿಗೂ ಹೇಳುತ್ತೇನೆ. ಸಾಮಾನು ಸಾಗಿಸುವ ಮೊದಲು ಒಲೆ ಒಂದನ್ನೇ ಒಯ್ದು ಹೊಸ ಜಾಗದಲ್ಲಿ ಹಚ್ಚಿ ನೋಡಿ. ಟಾಟಾ ಏಸ್ ಗಾಡಿಗೆ 500 ರೂಪಾಯಿ, ಎತ್ತಲು ಇಬ್ಬರು ಹುಡುಗರಿಗೆ 400. ಮೂರು ಸುತ್ತು ಮೆಟ್ಟಿಲು ಏರಿಸುವಾಗ ಒಲೆಯ ಕಾಲು ತಾಗಿ ಗೋಡೆ ಸುಣ್ಣ ಕಿತ್ತು ಬಂತು. ಮಾಳಿಗೆ ಮೇಲೆ ಇಟ್ಟು, ಪೈಪು ಜೋಡಿಸಿ, ನಾಲ್ಕು ಜಾಲಿ ಕಟ್ಟಿಗೆ ಹಾಕಿ ಹಚ್ಚಿದೆ. ಒಲೆ ಚೆನ್ನಾಗಿಯೇ ಎಳೆಯಿತು. ಹೊಗೆ ಪೈಪಿನ ಮೇಲೆ ಹೋಗಿ ಅಲ್ಲಿಂದ ಸೀದಾ ಪಕ್ಕದ ಮಾಳಿಗೆಗೆ ಇಳಿಯಿತು. ಅಲ್ಲಿ ಒಬ್ಬರು ಅಜ್ಜಿ ಬಿಳಿ ಧೋತರದ ಮೇಲೆ ಶಾವಿಗೆ, ಸಂಡಿಗೆ ಹಾಕಿದ್ದರು, ಬೇಸಿಗೆ ತಾನೆ. ಅವರು ಬಯ್ಯಲಿಲ್ಲ. ಎದ್ದು ಬಂದು ಧೋತರದ ನಾಲ್ಕೂ ಮೂಲೆ ಎತ್ತಿ, ಸಂಡಿಗೆ ಚೂರೂ ಮುರಿಯದ ಹಾಗೆ ಮಡಿಸಿಕೊಂಡು, "ಇರಲಿ ಬಿಡವಾ, ನಾಳೆ ಒಣಗಸ್ತೀನಿ" ಅಂದರು. ಬೈದಿದ್ದರೆ ನಾನು ವಾದ ಮಾಡುತ್ತಿದ್ದೆನೇನೋ. ಬೆಂಕಿಗೆ ನೀರು ಹಾಕದೆ, ಕಟ್ಟಿಗೆ ಒಂದೊಂದೇ ಹೊರಗೆಳೆದು ಮರಳಿಗೆ ಚುಚ್ಚಿ ಆರಿಸಿದೆ. ಕಾದ ಇಟ್ಟಿಗೆಗೆ ನೀರು ಬಿದ್ದರೆ ಸೀಳುತ್ತದೆ, ಎಂಥ ಹೊತ್ತಿನಲ್ಲೂ ಹಾಕಬೇಡಿ.

ಇನ್ನೊಂದು ಅತ್ತೆಯ ಮೊಣಕಾಲು. ಎಪ್ಪತ್ತೆರಡು ವರ್ಷ. ಹಿಟ್ಟು, ಎಸರು, ಪರಾತ, ಕಟ್ಟಿಗೆ ಎಲ್ಲ ಹೊತ್ತು ದಿನಾ ಒಂದು ಮಹಡಿ ಹತ್ತಿ ಇಳಿಯುವ ಕೆಲಸ. ಅವತ್ತು ಮಾಳಿಗೆಯಿಂದ ಇಳಿಯುವಾಗ ಅವರೇ ನಡುಮೆಟ್ಟಿಲಲ್ಲಿ ಕೂತು ಅಂದರು, "ಯಾರರ ಉರಸೋರಿಗೆ ಕೊಡ್ರಿ. ಮೋಡಕಾಕ್ಕ ಮಾತ್ರ ಹಾಕಬ್ಯಾಡ್ರಿ." ಮೋಡಕಾ ಅಂದರೆ ನಮ್ಮ ಕಡೆ ಗುಜರಿ.

ಎತ್ತಿಡಬಹುದಿತ್ತಲ್ಲ ಅಂತ ಕೆಲವರು ಕೇಳಿದರು. ಮುಂದೆ ಸ್ವಂತ ಜಾಗ ಆದಾಗ ಬೇಕಾಗುತ್ತದೆ ಅಂತ. ಯೋಚಿಸಿದೆವು. ಆದರೆ ದಿನಾ ಉರಿಯುವ ಒಲೆಗೆ ತುಕ್ಕು ಕಡಿಮೆ, ಮೂಲೆಯಲ್ಲಿ ಕೂತ ಒಲೆಗೆ ಜಾಸ್ತಿ. ಸಂದಿಯಲ್ಲಿ ಉಳಿದ ಬೂದಿ ಮಳೆಗಾಲದ ತೇವ ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತದೆ. ನಮ್ಮ ತಮ್ಮನ ಹೊಲದ ಮನೆಯಲ್ಲಿ ಹಾಗೆ ಇಟ್ಟ ಒಂದು ಒಲೆ ಎರಡು ಮಳೆಗಾಲಕ್ಕೆ ಕೆಳಗಿನಿಂದ ಪದರ ಪದರ ಎದ್ದು ಬಂದಿತ್ತು. ಇಡಲೇಬೇಕು ಅನ್ನುವವರು ಇಟ್ಟಿಗೆ ತೆಗೆದು, ಬೂದಿ ಪೂರ್ತಿ ಕೆರೆದು, ಒಳಗೂ ಹೊರಗೂ ಎಣ್ಣೆ ಸವರಿ, ನೆಲದಿಂದ ಎತ್ತರಕ್ಕೆ ಇಡಿ.

ಕೊಳ್ಳುವವರು ಯಾರ್ಯಾರು ಬಂದರು ಅನ್ನೋದು ಕೇಳಿ. ಹಳೆ ಸಾಮಾನು ಮಾರುವ ಆ್ಯಪ್‌ನಲ್ಲಿ ಫೋಟೋ ಹಾಕಿದ್ದೆ, ಓಣಿಯ ವಾಟ್ಸಾಪ್ ಗುಂಪಿನಲ್ಲೂ ಹಾಕಿದ್ದೆ. ಮೋಡಕಾದವರು ಕೆಜಿಗೆ 28 ರೂಪಾಯಿ ಅಂದರು, ಹಾಗೆ ನೋಡಿದರೆ ಸಾವಿರದ ಆಸುಪಾಸು. ಒಂದು ಚಹಾ ಅಂಗಡಿಯವರು ಬಂದು ಇದು ಕೂತು ಮಾಡುವ ಎತ್ತರ, ನಮಗೆ ನಿಂತು ಮಾಡುವುದು ಬೇಕು ಅಂತ ಹೋದರು. ಅವರ ಮಾತು ಸರಿ, ಜಾಹೀರಾತು ಹಾಕುವಾಗ ಎತ್ತರ ಬರೆಯಿರಿ, ಇಬ್ಬರಿಗೂ ಸಮಯ ಉಳಿಯುತ್ತದೆ.

ಎಲ್ಲರಿಗಿಂತ ಹೆಚ್ಚು ಬೆಲೆ ಹೇಳಿದವರು ತೋಟದ ಮನೆ ಕಟ್ಟಿಸಿದ್ದ ಒಬ್ಬರು, 3,500. ದುಡ್ಡು ಎಣಿಸಿ ಕೈಯಲ್ಲಿ ಹಿಡಿದಿದ್ದರು. ಪೈಪು ಬಿಚ್ಚಿಕೊಡುತ್ತೇನೆ ಅಂದಾಗ, "ಪೈಪ್ ಬ್ಯಾಡ್ರಿ ಮೇಡಂ, ಚಳಿಗಾಲದಾಗ ರೂಮಿನ ಒಳಗ ಇಟ್ಕೊಂಡ್ರ ಬೆಚ್ಚಗಿರತೈತಿ, ಬರೇ ಕೆಂಡ ಹಾಕ್ತೀವಿ" ಅಂದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಹೊಗೆಗಿಂತ ಅಪಾಯ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗೋದಿಲ್ಲ. ಹೊಗೆ ಕಾಣದ ಕೆಂಡದಿಂದಲೂ ಅದು ಬರುತ್ತದೆ. ಎಷ್ಟು ಹೇಳಿದರೂ ಅವರು ನಕ್ಕು ಕಿಟಕಿ ತೆಗೀತೀವಿ ಬಿಡ್ರಿ ಅಂದರು. ನಾನು ಕೊಡಲಿಲ್ಲ. ಗಂಡ ಆ ರಾತ್ರಿ ಸ್ವಲ್ಪ ಬೇಜಾರು ಮಾಡಿಕೊಂಡರು, ಅದೂ ಸಹಜ, ಮನೆ ಬದಲಿಸುವಾಗ ದುಡ್ಡು ನೀರಿನ ಹಾಗೆ ಹೋಗುತ್ತಿರುತ್ತದೆ. ಆದರೂ ನಮ್ಮ ಒಲೆಯಿಂದ ಯಾರಿಗಾದರೂ ಏನಾದರೂ ಆಯಿತು ಅಂದರೆ ಆ 3,500 ತಗೊಂಡು ಏನು ಮಾಡಲಿ.

ಕೊನೆಗೆ ತಗೊಂಡವರು ಗದ್ದನಕೇರಿ ಕ್ರಾಸ್ ಕಡೆ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವ ಒಬ್ಬ ಹೆಣ್ಣುಮಗಳು. ದಿನಕ್ಕೆ ನೂರೈವತ್ತು ರೊಟ್ಟಿ, ಎಳ್ಳ ಅಮಾವಾಸ್ಯೆ ಮುಂದೆ ಇನ್ನೂ ಜಾಸ್ತಿ, ಸಜ್ಜೆ ರೊಟ್ಟಿ, ಖಡಕ್ ರೊಟ್ಟಿ ಎಲ್ಲ. ಅವರು ಒಲೆ ನೋಡಿದ ರೀತಿ ನೋಡಿ ನಾನೇ ಕಲಿತೆ. ಹಳೆ ಒಲೆ ಕೊಳ್ಳುವವರು ಹೀಗೇ ನೋಡಬೇಕು.

ಬಂದದ್ದೇ ಸಂಜೆ ಕತ್ತಲಾಗುವಾಗ, ಬೇಕಂತಲೇ. ಮೊಬೈಲ್ ಟಾರ್ಚ್ ಹಚ್ಚಿ ಒಲೆಯೊಳಗೆ ಇಟ್ಟರು, ಹೊರಗಿಂದ ಸುತ್ತ ನೋಡಿದರು. ತೂತು ಇದ್ದರೆ ಬೆಳಕು ಸೂಜಿಮೊನೆಯ ಹಾಗೆ ಕಾಣುತ್ತದಂತೆ. ಕಾಣಲಿಲ್ಲ. ಆಮೇಲೆ ಬೆರಳ ಗೆಣ್ಣಿನಿಂದ ತಗಡನ್ನು ಕುಟ್ಟುತ್ತಾ ಬಂದರು. ಠಣ್, ಠಣ್, ಠಣ್, ಮೊದಲ ಬಾಯಿಯ ಹಿಂದೆ ಒಂದು ಕಡೆ ದನಿ ಬೇರೆ ಆಯಿತು, ಡಬ್ ಅಂತ. ಅಲ್ಲಿ ಉಗುರಿನಿಂದ ಕೆರೆದರೆ ಕಂದು ಪದರ ಒಂದು ರೂಪಾಯಿ ನಾಣ್ಯದಷ್ಟು ಎದ್ದು ಬಂತು. "ಅಕ್ಕಾರ, ಇಲ್ಲೆ ತಗಡ ತೆಳ್ಳಗಾಗೇತ್ರಿ. ಇನ್ನೆರಡ ವರ್ಷಕ್ಕ ತೂತ ಬೀಳತೈತಿ." ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಒಳಗೆ ನೋಡಿದರೆ ಅಲ್ಲಿದ್ದ ಇಟ್ಟಿಗೆ ಸೀಳು ಬಿಟ್ಟು ಸರಿದಿತ್ತು, ಉರಿ ನೇರ ತಗಡಿಗೆ ಬಡಿಯುತ್ತಿತ್ತು. ಜಾಲರಿ ಎತ್ತಿ ನೋಡಿದರು, ಬಾಗಿಲಿನ ಕೀಲು ಅಲ್ಲಾಡಿಸಿದರು, ಬಿಲ್ಲೆ ತಿರುಗುತ್ತದಾ ನೋಡಿದರು. ಕೊನೆಗೆ ಸೆರಗು ಸಿಕ್ಕಿಸಿಕೊಂಡು ಒಲೆ ಮುಂದೆ ಮಣೆ ಹಾಕಿ ಕೂತು, ರೊಟ್ಟಿ ನಿಲ್ಲಿಸುವ ಹಾಗೆ ಕೈ ಚಾಚಿ ನೋಡಿದರು. ಮುಂದಿನ ಕಟ್ಟೆ ಮೇಲೆ ಅಂಗೈ ಇಟ್ಟು, "ಇದನ್ನ ಯಾರ ಹೇಳಿ ಮಾಡಿಸಿದ್ರಿ?" ಅಂದರು. ಅತ್ತೆ ಒಳಗಿಂದಲೇ, "ನಾನವಾ" ಅಂದರು. ಆಮೇಲೆ ಅವರಿಬ್ಬರದೇ ಮಾತು, ಅರ್ಧ ಗಂಟೆ, ಬೆಲೆ ವಿಷಯ ಬರಲೇ ಇಲ್ಲ.

2,500 ಹೇಳಿದ್ದೆ, ತಗಡು ಸವೆದದ್ದಕ್ಕೆ 300 ಬಿಟ್ಟು 2,200ಕ್ಕೆ ಕೊಟ್ಟೆ. ಪೈಪು, ಟೋಪಿ, ಉಳಿದಿದ್ದ ನಾಲ್ಕು ಫೈರ್ ಬ್ರಿಕ್, ಮಸಿ ಬಡಿಯುವ ಬ್ರಷ್ಷು ಅದರಲ್ಲೇ. ಎಂಟು ವರ್ಷ ಉರಿಸಿದ ಒಲೆಗೆ ಇದು ನ್ಯಾಯವಾದ ಬೆಲೆ ಅಂತ ನನಗೆ ಅನ್ನಿಸುತ್ತದೆ. ಮೋಡಕಾ ಬೆಲೆಯ ಎರಡು ಪಟ್ಟು ಸಿಕ್ಕರೆ, ತಗೊಂಡವರು ಉರಿಸುವವರಾದರೆ, ಎಳೆದಾಡಬೇಡಿ, ಕೊಟ್ಟುಬಿಡಿ.

ಪೈಪಿನ ಬಗ್ಗೆ ಎರಡು ಮಾತು. ಪೈಪಿನ ಬದಲು ಹಳೆ ಸಿಮೆಂಟ್ ಪೈಪು ಹಾಕಿಕೊಳ್ಳಿ, ಅಗ್ಗ ಆಗುತ್ತದೆ ಅಂತ ಗುಂಪಿನಲ್ಲಿ ಒಬ್ಬರು ಹೇಳಿದ್ದರು. ಹಿಂದೆ ಸುಧಾರಿತ ಒಲೆಗಳಿಗೆ ಅದೇ ಹಾಕುತ್ತಿದ್ದರು, ನಿಜ. ಆದರೆ ಹಳೆ ಸಿಮೆಂಟ್ ಪೈಪುಗಳಲ್ಲಿ ಎಷ್ಟೋ ಕಲ್ನಾರಿನವು, ಆಸ್ಬೆಸ್ಟಾಸ್ ಅಂತೀವಲ್ಲ. ಅದನ್ನು ಗರಗಸದಲ್ಲಿ ಕೊಯ್ದರೆ ಏಳುವ ದೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತನಕ ಒಯ್ಯುತ್ತದೆ. ಹಳೆ ಮನೆ ಬಿಡುವಾಗ ಅಂಥ ಪೈಪು ಇದ್ದರೆ ಒಡೆಯಬೇಡಿ, ಕೊಯ್ಯಬೇಡಿ, ಮಾರಲೂ ಬೇಡಿ. ಹಾಗೇ ಒಲೆ ಬುಡಕ್ಕೆ ಹತ್ತಿ ಜಿಐ ಪೈಪು ಹಾಕಬೇಡಿ, ಜೋರು ಕಾದರೆ ಸತುವಿನ ಲೇಪದಿಂದ ಕೆಟ್ಟ ಹೊಗೆ ಬರುತ್ತದೆ. ಬರೀ ಕಬ್ಬಿಣದ ಪೈಪೇ ಸರಿ.

ಹೊಸ ಮನೆಯಲ್ಲಿ ರೊಟ್ಟಿ ಗ್ಯಾಸಿನ ಮೇಲೇ. ದಪ್ಪ ಹಂಚು ತಂದೆವು, ಉರಿ ಸಣ್ಣ ಇಟ್ಟು ಹೆಚ್ಚು ಹೊತ್ತು ಕಾಯಿಸಿದರೆ ಅಂಚು ಸ್ವಲ್ಪ ಪರವಾಗಿಲ್ಲ. ಆದರೆ ಮೊದಲಿನ ರೊಟ್ಟಿ ಅಲ್ಲ. ವಾರಕ್ಕೆ ಎರಡು ಸಲ ಆ ಹೆಣ್ಣುಮಗಳ ಹತ್ತಿರವೇ ರೊಟ್ಟಿ ತರುತ್ತೇವೆ, ಒಂದಕ್ಕೆ ಹತ್ತು ರೂಪಾಯಿ. ಅತ್ತೆ ತಟ್ಟೆಗೆ ಹಾಕಿಕೊಂಡ ಕೂಡಲೇ ಮೊದಲು ಪದರ ಬಿಡಿಸಿ ನೋಡುತ್ತಾರೆ.

ಆಷಾಢದಲ್ಲಿ ಅತ್ತೆಯನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಗಾಳಿ ಅಂದರೆ ಅಂಥ ಗಾಳಿ, ಅಂಗಡಿ ಮುಂದಿನ ಪ್ಲಾಸ್ಟಿಕ್ ಪರದೆ ಪಟಪಟ ಬಡಿಯುತ್ತಿತ್ತು. ಒಲೆ ಉರಿಯುತ್ತಿತ್ತು, ಹೊಗೆ ಇರಲಿಲ್ಲ. ನಮ್ಮದೇ ಪೈಪು, ಅದೇ ತಿರುವು, ಅದೇ ಟೋಪಿ. ಹೇಗೆ ಅಂತ ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥ ಆಗಲಿಲ್ಲ, ಹೊಗೆ ಯಾಕ ಬರಬೇಕ್ರಿ ಅಂದರು. ಹೊರಗೆ ಬಂದು ನೋಡಿದೆ. ಸುತ್ತ ಬಯಲು. ತಗಡಿನ ಮಾಡಿಗಿಂತ ಮೂರು ಅಡಿ ಮೇಲೆ ಪೈಪು, ಅದಕ್ಕಿಂತ ಎತ್ತರದ್ದು ಹತ್ತಿರದಲ್ಲಿ ಏನೂ ಇಲ್ಲ. ಆಗ ಹೊಳೆಯಿತು. ಹಳೆ ಮನೆಯಲ್ಲಿ ಪಶ್ಚಿಮಕ್ಕೆ ಅಂಟಿಕೊಂಡಿದ್ದ ಪಕ್ಕದ ಮನೆಯವರು 2020ರ ಬೇಸಿಗೆಯಲ್ಲಿ ಮೇಲೊಂದು ಅಂತಸ್ತು ಕಟ್ಟಿಸಿದ್ದರು. ಆ ಗೋಡೆ ನಮ್ಮ ಪೈಪಿಗಿಂತ ಐದಾರು ಅಡಿ ಎತ್ತರ. ಪಶ್ಚಿಮದಿಂದ ಬಂದ ಗಾಳಿ ಆ ಗೋಡೆ ಹತ್ತಿ ಈ ಕಡೆ ಇಳಿಯುವಾಗ ಸೀದಾ ನಮ್ಮ ಪೈಪಿನ ಬಾಯಿಗೆ ಬೀಳುತ್ತಿತ್ತು. ಪೈಪು ಸಣ್ಣದಾಗಿರಲಿಲ್ಲ, ಕೆಟ್ಟೂ ಇರಲಿಲ್ಲ. ಏಳೆಂಟು ಅಡಿ ಪೈಪು ಹೆಚ್ಚಿಗೆ ಹಾಕಿ ತಂತಿ ಕಟ್ಟಿ ನಿಲ್ಲಿಸಿದ್ದರೆ ಸಾಕಿತ್ತು. ಐದು ಮಳೆಗಾಲ ಅತ್ತೆ ಸುಮ್ನೆ ಕೆಮ್ಮಿದರು.

ವಾಪಸ್ ಬರುವಾಗ ವೆಲ್ಡಿಂಗ್ ಅಂಗಡಿಗೆ ಹೋಗಿ ಅವರಿಗೆ ಇದನ್ನು ಹೇಳಿ ಬಂದೆ. ಅವರು ಆ ಪಕ್ಕದ ಮನೆಯ ಅಂತಸ್ತಿನ ಎತ್ತರ ಎಷ್ಟು ಅಂತ ಕೇಳಿ ತಿಳಿದುಕೊಂಡರು. ಆಗ ಮಾಡುತ್ತಿದ್ದ ಇನ್ನೊಂದು ಒಲೆ ಅಲ್ಲೇ ಇತ್ತು, ಮುಂದೆ ಎಂಟು ಇಂಚಿನ ಕಟ್ಟೆ ಇಟ್ಟೇ ಮಾಡುತ್ತಿದ್ದರು. ಈಗ ಬಂದವರಿಗೆಲ್ಲ ಹೀಗೇ ಮಾಡಿಕೊಡುತ್ತೇವೆ ಅಂದರು. ಅತ್ತೆ ಬಗ್ಗಿ ಅದರ ಅಂಚು ಮುಟ್ಟಿ ನೋಡಿ, ಇನ್ನೊಂದು ಬೆರಳಷ್ಟು ಅಗಲ ಇರಲಿ ಅಂತ ಹೇಳಿದರು.